ಐದು ಗಂಟೆಗೆ ಬಂದವರ ಕೂಲಿ

ಶಿವಮೊಗ್ಗದ ಹೊರವಲಯದ ಸೋಗಾನೆ ಹೊರಗಿನವರಿಗೆ ಗೊತ್ತಾದದ್ದು ವಿಮಾನ ನಿಲ್ದಾಣದಿಂದ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣಕ್ಕೆ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅದಕ್ಕೂ ಮೊದಲು ಜಿಲ್ಲೆಯವರಿಗೆ ಸೋಗಾನೆ ಎಂದರೆ ಜೈಲು. ಪೇಟೆಯ ನಡುವೆ ಇದ್ದ ಹಳೇ ಜೈಲಿನ ಜಾಗದಲ್ಲಿ ಈಗ ಸಭೆ ಸಮಾರಂಭಗಳು ನಡೆಯುತ್ತವೆ. ಕೈದಿಗಳು, ಕಾವಲಿನವರು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಭೇಟಿಗೆ ಬರುವ ತಾಯಂದಿರು ಸೋಗಾನೆಯ ದಾರಿ ಹಿಡಿದು ವರ್ಷಗಳೇ ಆದವು.

ಈ ಬರಹದ ಟೀಚರ್ ಸೋಗಾನೆಗೆ ಮೊದಲು ಹೋದದ್ದು ವಿಮಾನ ಇನ್ನೂ ಬಾರದ ಕಾಲದಲ್ಲಿ. ಕ್ರಿಸ್‌ಮಸ್ ಹತ್ತಿರವಿತ್ತು. ಚರ್ಚಿನ ಸಣ್ಣದೊಂದು ತಂಡದ ಜೊತೆ, ಕೇಕಿನ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಹೊರಟಿದ್ದರು. ಆಗಲೇ ಶಾಲೆಯಿಂದ ನಿವೃತ್ತರಾಗಿದ್ದರು. ತಮ್ಮ ಹೆಸರು ಇಲ್ಲಿ ಬೇಡ ಎಂಬುದು ಅವರದೇ ಮಾತು, ಹಾಗಾಗಿ ಟೀಚರ್ ಎಂದೇ ಇರಲಿ. ನಂಬಿಕೆ ಯಾವಾಗ ಬೇರೂರಿತು ಎಂದು ಕೇಳಿದರೆ ಅವರು ಸೋಗಾನೆಯಿಂದ ಶುರು ಮಾಡುವುದಿಲ್ಲ. ಭದ್ರಾವತಿಯ ಕ್ವಾರ್ಟರ್ಸಿನಿಂದ, ಅಪ್ಪನ ಜಗಳವೊಂದರಿಂದ ಶುರು ಮಾಡುತ್ತಾರೆ. ಅಪ್ಪನ ಜಗಳ ಯೇಸುಸ್ವಾಮಿಯ ಜೊತೆಗಿತ್ತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನ ಅಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ತೊಡಗಿತು, 1923ರ ಜನವರಿಯಲ್ಲಿ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ, ಇವುಗಳ ಮೇಲೆ ಬೆಳೆದ ಊರು ಅದು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕೆಲಸ ಹುಡುಕಿ ತಮಿಳರು, ತೆಲುಗರು, ಮಲಯಾಳಿಗಳು, ಕರಾವಳಿಯ ಕೊಂಕಣಿಯವರು ಬಂದರು. ಒಂದೇ ಸಾಲಿನ ಮನೆಗಳಲ್ಲಿ ಐದು ಭಾಷೆಯ ಅಡುಗೆಯ ವಾಸನೆ, ಐದು ಭಾಷೆಯ ಬೈಗುಳ, ಐದು ಭಾಷೆಯ ಪ್ರಾರ್ಥನೆ. ಟೀಚರ ಮನೆಯವರು ತಮಿಳು ಮೂಲದ ಕಥೋಲಿಕರು. ಸಂಜೆಯ ಜಪಸರವನ್ನು ಅಜ್ಜಿ ತಮಿಳಿನಲ್ಲಿ ಆರಂಭಿಸುತ್ತಿದ್ದರು, ಮಕ್ಕಳು ಕನ್ನಡದಲ್ಲಿ ಮುಗಿಸುತ್ತಿದ್ದರು. ಪಕ್ಕದ ಮನೆಯಿಂದ ಅದೇ ಹೊತ್ತಿಗೆ ಕೊಂಕಣಿಯ ಜಪಸರ ಗೋಡೆ ದಾಟಿ ಬರುತ್ತಿತ್ತು. ಚರ್ಚಿನೊಳಗೆ ಮಾತ್ರ ಎಲ್ಲರಿಗೂ ಲತೀನು, ಅರ್ಥವಾಗದಿದ್ದರೂ ಎಲ್ಲರಿಗೂ ಬಾಯಿಪಾಠ.

ಅದು ಬದಲಾದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. 1962ರಿಂದ 1965ರವರೆಗೆ ನಡೆದ ಆ ಸಭೆ, ಜನ ತಮ್ಮ ನುಡಿಯಲ್ಲೇ ಪೂಜೆಯಲ್ಲಿ ಪಾಲ್ಗೊಳ್ಳಲಿ ಎಂದು ದಾರಿ ತೆರೆಯಿತು. ಭದ್ರಾವತಿ ಶಿವಮೊಗ್ಗಗಳು ಆಗ 1963ರಲ್ಲಿ ಹೊಸದಾಗಿ ರಚನೆಯಾಗಿದ್ದ ಚಿಕ್ಕಮಗಳೂರು ಧರ್ಮಕ್ಷೇತ್ರದಲ್ಲಿದ್ದವು. ಧರ್ಮಾಧ್ಯಕ್ಷ ಅಲ್ಫೋನ್ಸಸ್ ಮಥಾಯಸ್ ಅವರು ಹಣೆಗೆ ತೈಲ ಹಚ್ಚಿ ದೃಢೀಕರಣ ಕೊಟ್ಟ ಮಕ್ಕಳ ಸಾಲಿನಲ್ಲಿ ಟೀಚರೂ ನಿಂತಿದ್ದರು. ಗುರುಗಳು ಜನರ ಕಡೆ ಮುಖ ಮಾಡಿ ಕನ್ನಡದಲ್ಲಿ ಮಾತಾಡತೊಡಗಿದ ಮೇಲೆ ಅಜ್ಜಿಗೆ ಒಂದಿಷ್ಟು ಕಸಿವಿಸಿಯಾಯಿತು. ಅಪ್ಪನಿಗೆ ಮಾತ್ರ ಪಾಠಗಳು ಪೂರ್ತಿ ಅರ್ಥವಾಗತೊಡಗಿದವು. ಜಗಳ ಹುಟ್ಟಿದ್ದು ಅಲ್ಲಿಂದ.

ಜಗಳದ ಮೂಲ ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯ. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ ಒಬ್ಬನೇ ಹೇಳುವ ಸಾಮತಿ ಅದು. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಸಂತೆಗೆ ಹೋಗಿ ದಿನಕ್ಕೊಂದು ದಿನಾರಿಗೆ ಆಳುಗಳನ್ನು ಗೊತ್ತು ಮಾಡುತ್ತಾನೆ. ಒಂಬತ್ತಕ್ಕೆ, ನಡುಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗಿ, ಇನ್ನೂ ಅಲ್ಲೇ ನಿಂತಿದ್ದವರನ್ನು ತೋಟಕ್ಕೆ ಕಳಿಸುತ್ತಾನೆ. ಹೊತ್ತು ಮುಳುಗಿದ ಮೇಲೆ ಬಟವಾಡೆ, ಎಲ್ಲರಿಗೂ ಅದೇ ಒಂದು ದಿನಾರಿ. ಬಿಸಿಲಿನಲ್ಲಿ ದಿನವಿಡೀ ಬೆಂದವರು ಗೊಣಗುತ್ತಾರೆ.

ಅಪ್ಪ ಮೋಲ್ಡಿಂಗ್ ವಿಭಾಗದಲ್ಲಿದ್ದರು, ಯೂನಿಯನ್ನಿನ ಕಟ್ಟಾಳು. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೇ ಗುರುಗಳನ್ನು ತಡೆದು ಕೇಳಿದ್ದರಂತೆ: “ಸ್ವಾಮಿ, ಬೆಳಗಿನ ಪಾಳಿಯವನಿಗೂ ಕೊನೇ ಒಂದು ಗಂಟೆಗೆ ಬಂದವನಿಗೂ ಒಂದೇ ಕೂಲಿ ಅಂದ್ರೆ ನಾವು ಯೂನಿಯನ್ ಕಟ್ಟಿದ್ದು ಯಾಕೆ?” ಗುರುಗಳು ನಕ್ಕು, ಅದು ಸ್ವರ್ಗರಾಜ್ಯದ ಲೆಕ್ಕ ಎಂದರು. “ಸ್ವರ್ಗದಲ್ಲೂ ಲೆಕ್ಕ ಸರಿ ಇರಬೇಕಲ್ಲ” ಎಂದರು ಅಪ್ಪ. ಆ ಸಾಮತಿ ಬಂದ ಭಾನುವಾರಗಳಲ್ಲಿ ಮಧ್ಯಾಹ್ನದ ಊಟದ ತನಕ ಮನೆಯಲ್ಲಿ ಅದೇ ಮಾತು. ಅಪ್ಪ ಭಕ್ತಿಯಿಲ್ಲದವರಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಮೈ ತೊಳೆದು ನೇರ ಬೆಳಗಿನ ಪೂಜೆಗೆ ಹೋಗುತ್ತಿದ್ದರು. ಅದಕ್ಕೇ ಆ ಸಾಮತಿ ಅವರನ್ನು ಕುಟುಕುತ್ತಿತ್ತು: ಬೆಳಗಿನಿಂದ ದುಡಿದವರ ಸಾಲಿನಲ್ಲಿ ತಾವಿದ್ದೇವೆ ಎಂದು ಅವರಿಗೆ ಖಾತ್ರಿಯಿತ್ತು.

ಆ ಖಾತ್ರಿ ಮಗಳಿಗೂ ಬಂದಿತ್ತು. ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ, ತಪಸ್ಸು ಕಾಲದಲ್ಲಿ ಶುಕ್ರವಾರಗಳ ಶಿಲುಬೆಯ ಹಾದಿ ಬಿಡುತ್ತಿರಲಿಲ್ಲ. ಶಾಲೆಯ ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ದೇವರು ಕೊಡಬೇಕಾದ್ದನ್ನು ಕೊಡಬೇಕಾದ ಹೊತ್ತಿಗೆ ಕೊಡುತ್ತಿದ್ದಾನೆ ಅನ್ನಿಸುತ್ತಿತ್ತು. ಹೊರಗೂ ಒಳ್ಳೆಯ ಸುದ್ದಿಗಳಿದ್ದವು: 1988ರ ನವೆಂಬರ್ 14ರಂದು ಶಿವಮೊಗ್ಗ ಪ್ರತ್ಯೇಕ ಧರ್ಮಕ್ಷೇತ್ರವಾಯಿತು, ಇಗ್ನೇಷಿಯಸ್ ಪಿಂಟೊ ಮೊದಲ ಧರ್ಮಾಧ್ಯಕ್ಷರಾದರು. ಪ್ರಧಾನಾಲಯವಾದ ಪವಿತ್ರ ಹೃದಯ ದೇವಾಲಯಕ್ಕೆ ಭದ್ರಾವತಿಯಿಂದ ಬಸ್ಸು ಹಿಡಿದು ಹಬ್ಬಕ್ಕೆ ಹೋಗುವುದು ಮಕ್ಕಳಿಗೊಂದು ಸಂಭ್ರಮ.

ನಂತರ ಗಂಡನ ಮೂತ್ರಪಿಂಡ ಕೆಟ್ಟಿತು.

ಆ ವರ್ಷಗಳ ಬಗ್ಗೆ ಟೀಚರ್ ಹೆಚ್ಚು ಹೇಳುವುದಿಲ್ಲ. ಡಯಾಲಿಸಿಸ್‌ಗೆ ಓಡಾಟ, ಸಾಲ, ಮಂಗಳವಾರಗಳ ಸಂತ ಅಂತೋಣಿಯವರ ನೊವೇನ, ಮನೆಮನೆಗಳಲ್ಲಿ ಅವರಿಗಾಗಿ ನಡೆದ ಜಪಸರ. ಹಿಂದೂ ಗೆಳತಿಯರು ಹರಕೆ ಹೊತ್ತರು, ಮುಸ್ಲಿಂ ಸಹೋದ್ಯೋಗಿಯೊಬ್ಬರು ದರ್ಗಾದಲ್ಲಿ ಬೇಡಿಕೊಂಡು ಬಂದರು. ಗಂಡ ಉಳಿಯಲಿಲ್ಲ. ಸಾವಿನ ನಂತರವೂ ಟೀಚರ್ ಜಪಸರ ಬಿಡಲಿಲ್ಲ. ಮಕ್ಕಳು ನೋಡುತ್ತಿದ್ದಾರಲ್ಲ ಎಂದು ಹಿಡಿದರು. ಬಾಯಿ ಹೇಳುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

ಈ ಒಣಗುವಿಕೆಯ ಬಗ್ಗೆ ಕ್ರೈಸ್ತ ಪರಂಪರೆಯಲ್ಲಿ ಬರೆದವರು ಬಹಳ. ಅವರಲ್ಲಿ ಸ್ಪೇನಿನ ಆವಿಲದ ತೆರೇಸಮ್ಮನವರಷ್ಟು ಬಿಚ್ಚುಮನಸ್ಸಿನಿಂದ ಬರೆದವರು ಕಡಿಮೆ. ಧ್ಯಾನಕೂಟವೊಂದರಲ್ಲಿ ಗುರುಗಳೊಬ್ಬರು ಟೀಚರಿಗೆ ಈ ಹದಿನಾರನೇ ಶತಮಾನದ ಸನ್ಯಾಸಿನಿಯ ಆತ್ಮಕಥೆಯ ಬಗ್ಗೆ ಹೇಳಿದರು. ಪ್ರಾರ್ಥನೆಗೆ ಕೂತ ಗಂಟೆ ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕಾದ ವರ್ಷಗಳು ತನಗೂ ಇದ್ದವು ಎಂದು ತೆರೇಸ ಬರೆದುಕೊಂಡಿದ್ದಾರೆ. 1970ರಲ್ಲಿ ಸಿಯೆನಾದ ಕ್ಯಾತರೀನಳ ಜೊತೆಗೆ ಧರ್ಮಸಭೆಯ ಪಂಡಿತೆ ಎಂಬ ಬಿರುದು ಪಡೆದ ಮೊದಲ ಮಹಿಳೆಯರಲ್ಲಿ ಒಬ್ಬರಾದವರ ಮಾತು ಇದು. ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಗಳಿಗೆ ಅವರು ಪ್ರಾರ್ಥನೆಯನ್ನು ಹೋಲಿಸುತ್ತಾರೆ: ಬಾವಿಯಿಂದ ಸೇದಿ ಹಾಕುವುದು, ರಾಟೆಯಿಂದ ಎತ್ತುವುದು, ಹೊಳೆಯನ್ನೋ ತೊರೆಯನ್ನೋ ತೋಟಕ್ಕೆ ತಿರುಗಿಸುವುದು, ಕಡೆಯದಾಗಿ ಮಳೆ. ಮೊದಲನೆಯದರಲ್ಲಿ ರಟ್ಟೆ ಬೀಳುತ್ತದೆ, ಕಡೆಯದರಲ್ಲಿ ತೋಟಗಾರನ ಪಾಲು ಏನೂ ಇಲ್ಲ. ಭದ್ರಾ ಕಾಲುವೆಯ ಸೀಮೆಯಲ್ಲಿ, ಮಲೆನಾಡಿನ ಮಳೆಯ ಅಂಚಿನಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾವಿಯೇ ಬತ್ತಿದಾಗ ಏನು ಮಾಡಬೇಕು ಎಂಬುದಕ್ಕೂ ತೆರೇಸಮ್ಮ ಉತ್ತರ ಕೊಟ್ಟಿದ್ದಾರೆ: ಹಗ್ಗ ಬಿಡಬೇಡ, ಹೂಗಳನ್ನು ನೀರಿಲ್ಲದೆಯೂ ಉಳಿಸಬಲ್ಲವನು ತೋಟದ ಒಡೆಯ ಎಂಬರ್ಥದ ಉತ್ತರ ಅದು. ಸಮಾಧಾನ ಮಾಡುವುದಕ್ಕೆಂದು ಹೇಳಿದ ಮಾತಿನಂತೆ ಟೀಚರಿಗೆ ಕೇಳಲಿಲ್ಲ, ಅನುಭವಸ್ಥೆಯ ಮಾತಿನಂತೆ ಕೇಳಿತು. ಅವರು ಹಗ್ಗ ಬಿಡಲಿಲ್ಲ.

ಸಂತ ಪೌಲನೂ ತನ್ನ ಮೈಯಲ್ಲಿ ನೆಟ್ಟ ಮುಳ್ಳನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡಿದ್ದ. ಮುಳ್ಳು ಹೋಗಲಿಲ್ಲ, ಬದಲಿಗೆ ಕೃಪೆಯ ಭರವಸೆ ಸಿಕ್ಕಿತು. ಬೇಡಿದ್ದು ಸಿಗದ ಮೇಲೂ ಪ್ರಾರ್ಥನೆ ಮುಂದುವರಿದದ್ದು ಬೈಬಲಿನೊಳಗೇ ಇದೆ ಎಂಬುದು ಆ ದಿನಗಳಲ್ಲಿ ಟೀಚರಿಗೆ ದೊಡ್ಡ ಆಸರೆಯಾಯಿತು.

ಅವರ ಪ್ರಾರ್ಥನೆ ತಿರುವು ಪಡೆದದ್ದು ಇನ್ನೊಬ್ಬ ತೆರೇಸಳಿಂದ, ಫ್ರಾನ್ಸಿನ ಲಿಸಿಯೊದ ಚಿಕ್ಕ ತೆರೇಸಳಿಂದ. 1887ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ ಇಬ್ಬರು ಹೆಂಗಸರು ಮತ್ತು ಒಬ್ಬ ಹುಡುಗಿಯ ಕೊಲೆಯಾಯಿತು. ಆನ್ರಿ ಪ್ರಾಂಜಿನಿ ಎಂಬವನಿಗೆ ಮರಣದಂಡನೆಯಾಯಿತು. ಅವನಲ್ಲಿ ಪಶ್ಚಾತ್ತಾಪದ ಸುಳಿವಿರಲಿಲ್ಲ. ಹದಿನಾಲ್ಕರ ತೆರೇಸ ಅವನಿಗಾಗಿ ಬೇಡಲು ಕೂತಳು. ತನ್ನಲ್ಲಿ ಕೊಡಲು ಏನೂ ಇಲ್ಲ, ಕ್ರಿಸ್ತನ ಪುಣ್ಯವನ್ನೇ ಅವನಿಗಾಗಿ ಅರ್ಪಿಸುತ್ತೇನೆ ಎಂದುಕೊಂಡಳು, ಒಂದು ಸೂಚನೆಯನ್ನೂ ಕೇಳಿದಳು. ಆಗಸ್ಟ್ 31ರಂದು ಅವನ ತಲೆ ಹೋಯಿತು. ಮಾರನೆಯ ದಿನದ ಪತ್ರಿಕೆ ತೆರೆದರೆ, ಕೊನೆಯ ಗಳಿಗೆಯಲ್ಲಿ ಅವನು ಗುರುಗಳ ಕೈಯಲ್ಲಿದ್ದ ಶಿಲುಬೆಯನ್ನು ಹಿಡಿದು ಮೂರು ಸಲ ಮುತ್ತಿಟ್ಟನೆಂಬ ಸುದ್ದಿ. ಆಕೆ ಅವನನ್ನು ತನ್ನ ಮೊದಲ ಮಗುವೆಂದು ಕರೆದಳು. ಇಪ್ಪತ್ತನಾಲ್ಕಕ್ಕೇ ಕ್ಷಯದಿಂದ ತೀರಿಕೊಂಡ ಈ ಹುಡುಗಿಯ ಆತ್ಮಕಥೆ 1898ರಲ್ಲಿ ಪ್ರಕಟವಾಗಿ ಜಗತ್ತಿನ ಮೂಲೆಮೂಲೆ ತಲುಪಿತು.

ಟೀಚರಿಗೆ ಮೊದಲ ಓದಿನಲ್ಲಿ ಇದು ಹಿಡಿಸಲಿಲ್ಲ, ಕೊಲೆಯಾದ ಆ ಹುಡುಗಿಯೇ ಕಣ್ಣೆದುರು ಬಂದಳು. ಅದು ನ್ಯಾಯವಾದ ಅನಿಸಿಕೆಯೇ ಹೌದು. ಕೊಂದವನಿಗಾಗಿ ಬೇಡುವವರು ಸತ್ತವರನ್ನು ಮರೆಯಬಾರದು. ಎರಡು ಕಡೆಗೂ ಬೇಡುವಷ್ಟು ಜಾಗ ಒಂದು ಜಪಸರದಲ್ಲಿದೆ ಎಂದು ಅವರಿಗೆ ನಿಧಾನಕ್ಕೆ ಅನ್ನಿಸಿತು. ಆಮೇಲಿಂದ ಅವರು ಬೆಳಗಿನ ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ ಬರುವ ಎರಡೂ ಕಡೆಯ ಹೆಸರುಗಳನ್ನು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡು ಸಂಜೆ ಅವರಿಗಾಗಿ ಬೇಡತೊಡಗಿದರು. ತನಗಾಗಿ ಏನನ್ನೂ ಕೇಳದ ಆ ಸಂಜೆಗಳಲ್ಲೇ ಒಳಗೆ ಮತ್ತೆ ತೇವ ಬಂತು.

ಈ ನಡುವೆ ಊರಿನ ಬದುಕು ಕುಸಿಯುತ್ತಿತ್ತು. ಪೇಪರ್ ಮಿಲ್ಲಿನ ಉತ್ಪಾದನೆ 2015ರ ಕೊನೆಗೆ ನಿಂತಿತು. ಟೀಚರ ತಮ್ಮ ಅಲ್ಲೇ ಇದ್ದವರು. ಕೈ ತುಂಬ ಕೆಲಸ ಗೊತ್ತಿದ್ದ ಗಂಡಸರು ಹಗಲು ಹೊತ್ತು ಟೀ ಅಂಗಡಿಯ ಮುಂದೆ ನಿಂತಿರುವುದು ಭದ್ರಾವತಿಗೆ ಹೊಸ ನೋಟ. ಒಂದು ಭಾನುವಾರ ಅಪ್ಪನ ಹಳೇ ಜಗಳವನ್ನು ತಮ್ಮನೇ ಎತ್ತಿದರು. “ಅಕ್ಕಾ, ಅಪ್ಪ ಯಾವಾಗ್ಲೂ ಕೊನೇಗೆ ಬಂದೋರಿಗೆ ಸಿಕ್ಕ ಕೂಲಿ ಲೆಕ್ಕನೇ ಹಾಕ್ತಿದ್ರು. ಐದು ಗಂಟೆ ತನಕ ಸಂತೇಲಿ ಯಾಕೆ ನಿಂತಿದ್ರು ಅಂತ ಕೇಳ್ಲೇ ಇಲ್ಲ. ಅವರನ್ನ ಯಾರೂ ಕರೀಲಿಲ್ಲ ಅಷ್ಟೇ. ಸೋಮಾರಿಗಳಾಗಿದ್ರೆ ಅಷ್ಟು ಹೊತ್ತು ಯಾಕೆ ಕಾಯ್ತಿದ್ರು?”

ಸಾಮತಿಗೆ ಇಷ್ಟು ಒಳ್ಳೆಯ ವ್ಯಾಖ್ಯಾನವನ್ನು ಟೀಚರ್ ಯಾವ ಉಪದೇಶದಲ್ಲೂ ಕೇಳಿರಲಿಲ್ಲ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ. ಕೆಲಸ ಕಳೆದುಕೊಂಡವರ ಸಂಕಟ ಬಲ್ಲ ಯೂನಿಯನ್ನಿನ ಮನುಷ್ಯ, ಪ್ರಾಯಶಃ ಒಪ್ಪುತ್ತಿದ್ದರು.

ಸೋಗಾನೆಯ ಆ ಕ್ರಿಸ್‌ಮಸ್ ಬಂದದ್ದು ಇದರ ನಂತರ. ಸೆರೆಮನೆಯಲ್ಲಿರುವವರನ್ನು ಕಾಣಲು ಹೋಗುವುದು ಕ್ರೈಸ್ತರಿಗೆ ಯೇಸುವೇ ಕೊಟ್ಟ ಕೆಲಸ. ನಮ್ಮ ದೇಶದಲ್ಲಿ ಅದಕ್ಕೊಂದು ವ್ಯವಸ್ಥಿತ ರೂಪ ಸಿಕ್ಕಿದ್ದು 1981ರಲ್ಲಿ, ಕೇರಳದ ಕೋಟ್ಟಯಂನಲ್ಲಿ ಗುರುವಿದ್ಯಾರ್ಥಿಗಳಾಗಿದ್ದ ಫ್ರಾನ್ಸಿಸ್ ಕೊಡಿಯನ್ ಮತ್ತು ವರ್ಗೀಸ್ ಕರಿಪ್ಪೇರಿ ಆರಂಭಿಸಿದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾದಿಂದ. ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ಟೀಚರ ತಂಡ ಅಷ್ಟು ದೊಡ್ಡದೇನೂ ಅಲ್ಲ. ಅನುಮತಿ ಪಡೆದು, ಕೇಕು ಹಂಚಿ, ನಾಲ್ಕು ಹಾಡು ಹಾಡಿ ಬರುವ ಹತ್ತಾರು ಜನ. ಮತದ ಮಾತು ತಾವಾಗಿ ಎತ್ತಬಾರದು, ಯಾವ ಕೇಸು ಎಂದು ಕೇಳಬಾರದು ಎಂಬ ಕಟ್ಟಳೆಯನ್ನು ತಾವೇ ಹಾಕಿಕೊಂಡಿದ್ದರು.

ಹಾಡು ಮುಗಿದು ಎಲ್ಲರೂ ಏಳುತ್ತಿದ್ದಾಗ ಶಿಕಾರಿಪುರದ ಕಡೆಯ ಹೆಂಗಸೊಬ್ಬರು ಟೀಚರ ಹತ್ತಿರ ಬಂದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ತಿನ್ನದೆ ಉಳಿಸಿಕೊಂಡ ಕೇಕು. “ನೀವು ಟೀಚರಂತೆ. ನನ್ನ ಮಗ ಏಳನೇ ಕ್ಲಾಸು. ನಮ್ಮಣ್ಣನ ಮನೇಲವ್ನೆ. ನಿಮ್ಮ ದೇವರ ಹತ್ರ ಅವನ ಹೆಸರು ಹೇಳ್ತೀರೇನ್ರೀ? ನಾನು ಹೇಳಿದ್ರೆ ಕೇಳಲ್ಲ, ನಾನು ಮಾಡಬಾರದ್ದು ಮಾಡಿ ಬಂದೀನಿ.” ಟೀಚರ್ ಆ ಹೆಂಗಸಿನ ಕೈ ಹಿಡಿದುಕೊಂಡರು. ನೀವು ಹೇಳಿದರೂ ಕೇಳುತ್ತಾನಮ್ಮ, ನಾನು ಹೇಳಿದರೂ ಕೇಳುತ್ತಾನೆ, ಇಬ್ಬರೂ ಹೇಳೋಣ ಎಂದರು. ಹುಡುಗನ ಹೆಸರು ಹಾಜರಿ ಪುಸ್ತಕ ಸೇರಿತು, ಅಮ್ಮನದೂ.

ತೆರೇಸರಿಬ್ಬರ ಪುಸ್ತಕಗಳಿಂದ ಕಲಿತದ್ದಕ್ಕಿಂತ ಹೆಚ್ಚನ್ನು ಆ ಮಾತಿನಿಂದ ಕಲಿತೆ ಎನ್ನುತ್ತಾರೆ ಟೀಚರ್. ತನ್ನ ಪ್ರಾರ್ಥನೆಗೆ ಅರ್ಹತೆಯಿಲ್ಲ ಎಂದು ನಂಬಿದ ತಾಯಿಗೆ ಧೈರ್ಯ ಹೇಳುತ್ತಿರುವಾಗಲೇ, ತನಗೆ ಮಾತ್ರ ಆ ಅರ್ಹತೆ ಎಲ್ಲಿಂದ ಬಂತು ಎಂದು ಅವರು ತಮ್ಮನ್ನೇ ಕೇಳಿಕೊಂಡರಂತೆ. ಎಳವೆಯಿಂದ ತಪ್ಪದೆ ಹೇಳಿದ ಜಪಸರಗಳು ಅದನ್ನು ತಂದುಕೊಟ್ಟಿರಲಿಲ್ಲ. ಆ ಜಪಸರಗಳೇ ತನಗೆ ಬಿಟ್ಟಿಯಾಗಿ ಬಂದವು: ತಮಿಳಿನಲ್ಲಿ ಕಲಿಸಿದ ಅಜ್ಜಿ, ಪಾಳಿಯಿಂದ ನೇರ ಪೂಜೆಗೆ ಹೋದ ಅಪ್ಪ, ಗಂಡನಿಗಾಗಿ ದರ್ಗಾದಲ್ಲಿ ಬೇಡಿದ ಗೆಳತಿ. ಬೆಳಗಿನಿಂದ ತೋಟದಲ್ಲಿ ಇದ್ದದ್ದೇ ಒಂದು ವರವಾಗಿತ್ತು. ಹೊರಗೆ, ಯಾರೂ ಕರೆಯದೆ, ಸಂಜೆಯ ತನಕ ನಿಂತವರಿಗೆ ಸಿಗದೇ ಹೋದದ್ದು ಅದೇ.

ಆ ದಿನಗಳಿಂದ ಅವರ ರಾತ್ರಿಯ ಪ್ರಾರ್ಥನೆಯ ಕ್ರಮವೂ ಬದಲಾಯಿತು. 2014ರಲ್ಲಿ ಶಿವಮೊಗ್ಗದ ಧರ್ಮಾಧ್ಯಕ್ಷರಾದ ಫ್ರಾನ್ಸಿಸ್ ಸೆರಾವೊ ಯೇಸುಸಭೆಯವರು. ಆ ಸಭೆಯ ಸ್ಥಾಪಕ ಸಂತ ಇಗ್ನಾಸಿ ಕಲಿಸಿದ ದಿನದ ಕೊನೆಯ ಆತ್ಮಶೋಧನೆ ತಪ್ಪಿನ ಪಟ್ಟಿಯಿಂದ ಶುರುವಾಗುವುದಿಲ್ಲ, ಕೃತಜ್ಞತೆಯಿಂದ ಶುರುವಾಗುತ್ತದೆ. ಟೀಚರ್ ಮೊದಲು ದಿನದಲ್ಲಿ ಸಿಕ್ಕಿದ್ದನ್ನು ಒಂದೊಂದಾಗಿ ನೆನೆಯುತ್ತಾರೆ, ಆಮೇಲೆ ಹಾಜರಿ ಕರೆಯುತ್ತಾರೆ. ಪಟ್ಟಿ ಉದ್ದವಾದ ದಿನ ಅರ್ಧದಲ್ಲೇ ನಿದ್ದೆ ಬರುತ್ತದೆ. ಉಳಿದವರು ಬೆಳಗಿನ ಪೂಜೆಗೆ.

2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ನೂರು ವರ್ಷ ತುಂಬಿದ ತಿಂಗಳಲ್ಲೇ ಬಂದ ಸುದ್ದಿ ಅದು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ರೋಮನ್ ಪದ್ಧತಿಯ ಚರ್ಚುಗಳಲ್ಲಿ ಭಾನುವಾರದ ಪಾಠಗಳು ಮೂರು ವರ್ಷಕ್ಕೊಮ್ಮೆ ಮರಳುತ್ತವೆ. ದ್ರಾಕ್ಷಿತೋಟದ ಸಾಮತಿಯ ಸರದಿ ಆ ವರ್ಷ ಸೆಪ್ಟೆಂಬರ್ 24ಕ್ಕೆ ಬಂತು. ಟೀಚರ್ ತಮ್ಮನ ಪಕ್ಕದಲ್ಲಿ ಕೂತಿದ್ದರು. ಸುತ್ತಲಿನ ಬೆಂಚುಗಳಲ್ಲಿ ಕಾರ್ಖಾನೆಯ ಮನೆಗಳವರು. ಸಂತೆಯಲ್ಲಿ ಕೆಲಸವಿಲ್ಲದೆ ನಿಂತವರ ಮಾತು ಬಂದಾಗ ಯಾರೂ ಅಲುಗಲಿಲ್ಲ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಧರಣಿಯವರಿಗಾಗಿ ಒಂದು ಬಿನ್ನಹವಿತ್ತು, ಸೋಗಾನೆಯವರಿಗಾಗಿ ಇನ್ನೊಂದನ್ನು ಟೀಚರ್ ಸೇರಿಸಿದರು. ಕಾರ್ಖಾನೆಯ ಚಿಂತೆ ಅಲ್ಲಿಗೆ ತೀರಲಿಲ್ಲ. ಪ್ರಾರ್ಥಿಸಿದೆವು, ಮಾರನೆಯ ದಿನ ಮನವಿ ಪತ್ರಕ್ಕೆ ಸಹಿಯನ್ನೂ ಹಾಕಿದೆವು ಎನ್ನುತ್ತಾರೆ ತಮ್ಮ.

ಶಿಕಾರಿಪುರದ ಆ ತಾಯಿ ಜಾಮೀನು ಸಿಕ್ಕಿ ಊರಿಗೆ ಹೋದ ಮೇಲೂ ಆಗಾಗ ಫೋನ್ ಮಾಡುತ್ತಾರೆ. ಈಚೆಗೆ ಮಾಡಿದ್ದು ಪರೀಕ್ಷೆಯ ಸಮಯದಲ್ಲಿ. ಮಗನದೇ ಮಾತಿರಬೇಕು ಎಂದು ಟೀಚರ್ ಅಂದುಕೊಂಡರೆ, ಅದಲ್ಲ. “ಮಗ ಚೆನ್ನಾಗವ್ನೆ ಟೀಚರ್. ಅಲ್ಲಿ ಒಬ್ಬರು ವಾರ್ಡರ್ ಮೇಡಂ ಇದ್ರಲ್ಲ, ನನ್ನ ಮೇಲೆ ಸಿಡಿಸಿಡಿ ಅಂತಿದ್ರು, ಅವರ ಮಗಳಿಗೆ ಹುಷಾರಿಲ್ವಂತೆ. ನಾನು ನಮ್ಮನೆ ದೇವರಿಗೆ ಹೇಳೀನಿ. ನೀವೂ ಬರ್ಕೊಳ್ಳಿ.” ಟೀಚರ್ ಹುಡುಗಿಯ ಹೆಸರು ಕೇಳಿದರು. ಆಕೆಗೆ ಗೊತ್ತಿರಲಿಲ್ಲ. “ವಾರ್ಡರ್ ಮೇಡಂ ಮಗಳು ಅಂತಲೇ ಬರೀರಿ, ಗೊತ್ತಾಗ್ತದೆ.”